ಗ್ಯಾರೇಜ್ ಪ್ರಶ್ನೋತ್ತರ: ಎಂಜಿಬಿಯ ಸಿಲ್, ಅರ್ಥ್, ಇ20

ಪ್ರಶ್ನೆ: 1966ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ತೆರೆದ ಸ್ಪೋರ್ಟ್ಸ್ ಕಾರು) ಕೊಂಡಿದ್ದೇನೆ. ಬಾಗಿಲ ಕೆಳಗಿನ ಸಿಲ್‌ಗೆ ಸ್ಕ್ರೂಡ್ರೈವರ್ ಒತ್ತಿದರೆ ಒಳಕ್ಕೇ ಹೋಗುತ್ತದೆ. ಹೊರಗಿನ ತಗಡು ಬದಲಿಸಿದರೆ ಸಾಕೆ?
– ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ಸಾಲದು. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ರೋಡ್‌ಸ್ಟರ್ ಆದ್ದರಿಂದ ಗಟ್ಟಿ ಛಾವಣಿಯೂ ಇಲ್ಲ. ಮುಂಭಾಗ, ಹಿಂಭಾಗಗಳನ್ನು ಬಿಗಿಯಾಗಿ ಹಿಡಿದಿರುವುದರಲ್ಲಿ ಸಿಲ್‌ಗಳದೇ ದೊಡ್ಡ ಪಾಲು. ಅಲ್ಲಿರುವುದು ಒಂದೇ ತಗಡಲ್ಲ: ಒಳ ಸಿಲ್, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಉದ್ದ ಪಟ್ಟಿ, ನಡುವೆ ನೆಟ್ಟಗೆ ನಿಂತ ಮೆಂಬ್ರೇನ್ ಎಂಬ ತಗಡು, ಕೊನೆಗೆ ಹೊರ ಸಿಲ್. ಹೊರಗಿನದು ಇಷ್ಟು ಮೆತ್ತಗಾಗಿದ್ದರೆ ಒಳಗಿನವೂ ತಿಂದುಹೋಗಿರುತ್ತವೆ ಎಂದೇ ಲೆಕ್ಕ ಹಾಕಿ. ಕೊಳೆತದ್ದರ ಮೇಲೆ ಕವರ್ ಸಿಲ್ ಹಾಕಿ ಪೇಂಟ್ ಹೊಡೆದು ಮಾರುವ ಚಾಳಿಯೂ ಇದೆ. ಕ್ರೋಮ್ ಹೊಳಪು ನೋಡಿ ಬೆಲೆ ಕಟ್ಟುವವರಿಗೆ ಅದು ಗೊತ್ತಾಗುವುದಿಲ್ಲ.

ಕತ್ತರಿಸುವ ಮೊದಲು ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಕಾರ್ಪೆಟ್ ಹೊರತೆಗೆಯಿರಿ. ಕಾರಿನ ಭಾರ ಹಿಂದಿನ ಆಕ್ಸಲ್ ಮತ್ತು ಮುಂದಿನ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ಮೇಲೆ ಕೂತಿರಲಿ, ಅಂದರೆ ರಸ್ತೆಯಲ್ಲಿ ನಿಂತಾಗ ಬೀಳುವ ಹಾಗೆಯೇ. ಬಾಗಿಲು ಹಾಕಿ ಸುತ್ತಲಿನ ಸಂದು ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಬಾಗಿಲ ಚೌಕಟ್ಟಿಗೆ ಅಡ್ಡವಾಗಿ, ಹಿಂಜ್ ಕಂಬದಿಂದ ಲಾಕ್ ಕಂಬದವರೆಗೆ, ಕಬ್ಬಿಣದ ಚೌಕ ಪೈಪ್ ವೆಲ್ಡ್ ಮಾಡಿ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಈ ಎಚ್ಚರಿಕೆ ಬಿಟ್ಟರೆ ಕಾರಿನ ನಡು ಜೋತುಬಿದ್ದು ಬಾಗಿಲ ಮೇಲಿನ ಸಂದು ಕೂಡಿಕೊಳ್ಳುತ್ತದೆ. ಹೊಸ ಸಿಲ್ ಬೆಸೆದ ಮೇಲೆ ಆ ವಕ್ರ ಕಾಯಂ.

ಮುಂದಿನ ವಿಂಗ್ (ಮಡ್‌ಗಾರ್ಡ್) ಬೋಲ್ಟಿನದು, ಬಿಚ್ಚಬಹುದು. ಹಿಂದಿನದು ಬೆಸೆದಿರುವುದರಿಂದ ಅದರ ಕೆಳತುದಿ ಕತ್ತರಿಸಲೇಬೇಕು. ಒಳಗಿನಿಂದ ಹೊರಕ್ಕೆ ಜೋಡಿಸುತ್ತ ಬನ್ನಿ. ಮಿಗ್ ವೆಲ್ಡಿಂಗ್ ಯಂತ್ರದಲ್ಲಿ 0.6 ಮಿ.ಮೀ. ವೈರ್, ಮೇಲಿನ ತಗಡಿನ 6 ಮಿ.ಮೀ. ತೂತುಗಳನ್ನು ತುಂಬುವ ಪ್ಲಗ್ ವೆಲ್ಡ್, ಎರಡರ ನಡುವೆ ಸುಮಾರು 30 ಮಿ.ಮೀ. ತಗಡು ಕೂಡುವಲ್ಲಿ ಮೊದಲೇ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಬಳಿಯಿರಿ. ಹೊರ ಸಿಲ್ ಮೊದಲು ಕ್ಲ್ಯಾಂಪ್‌ನಲ್ಲಿ ಹಿಡಿದು, ಬಾಗಿಲು ಹಾಕಿ ನೋಡಿ, ಆಮೇಲೆ ಬೆಸೆಯಿರಿ. ನೀರಿಳಿಯುವ ತೂತು ಮುಚ್ಚಬೇಡಿ. ಪೇಂಟ್ ಒಣಗಿದ ಮೇಲೆ ಒಳಕ್ಕೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ.

ಪ್ರಶ್ನೆ: ನನ್ನದೂ ಅದೇ ಕಾಲದ ಎಂಜಿಬಿ, ಪಾಸಿಟಿವ್ ಅರ್ಥ್ (ಬ್ಯಾಟರಿಯ ‘+’ ಕಾರಿನ ಬಾಡಿಗೆ ಸೇರಿದೆ). ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಬಹುದೆ?
– ಓದುಗರು, ಬೆಂಗಳೂರು

ಉತ್ತರ: ಕೂರಿಸಬಹುದು, ಆದರೆ ಮೊದಲು ನೆಗೆಟಿವ್ ಅರ್ಥ್‌ಗೆ ಬದಲಿಸಿ. ತಿರುಗುಮುರುಗಾದರೆ ಆಲ್ಟರ್ನೇಟರ್ ಒಳಗಿನ ಡಯೋಡ್‌ಗಳು ಕ್ಷಣದಲ್ಲಿ ಸುಡುತ್ತವೆ. ಬ್ಯಾಟರಿಯ ಎರಡು ಕಂಬಗಳ ದಪ್ಪ ಬೇರೆ ಬೇರೆ. ಕೇಬಲ್ ತುದಿಯ ಕ್ಲ್ಯಾಂಪ್‌ಗಳನ್ನೂ ಬದಲಿಸಬೇಕು. ಇಗ್ನಿಷನ್ ಕಾಯಿಲ್‌ನ ಎರಡು ವೈರ್ ಅದಲುಬದಲು ಮಾಡಿ: ಸ್ವಿಚ್ಚಿನಿಂದ ಬರುವ ಬಿಳಿ ವೈರ್ ‘+’ಗೆ, ಡಿಸ್ಟ್ರಿಬ್ಯೂಟರ್‌ಗೆ ಹೋಗುವುದು ‘–’ಗೆ. ಎಲೆಕ್ಟ್ರಾನಿಕ್ ಆರ್‌ಪಿಎಂ ಮೀಟರ್‌ನ ಒಳಗಿನ ಸಂಪರ್ಕವನ್ನೂ ಬದಲಿಸಬೇಕು, ಇದನ್ನು ಮರೆಯುವವರೇ ಹೆಚ್ಚು. ಹಳೆಯ ರೇಡಿಯೊ ಇದ್ದರೆ ಕಳಚಿಡಿ.

ಡೈನಮೋ ಕೊಡುತ್ತಿದ್ದುದು 22 ಆಂಪಿಯರ್. ಲ್ಯೂಕಾಸ್ 16ಎಸಿಆರ್ ಆಲ್ಟರ್ನೇಟರ್ 34 ಕೊಡುತ್ತದೆ. ಹಾಗಾಗಿ ಔಟ್‌ಪುಟ್‌ಗೆ ದಪ್ಪ ವೈರನ್ನು ಹೊಸದಾಗಿ ಎಳೆಯಿರಿ, ಹಳೆಯ ಕಂಟ್ರೋಲ್ ಬಾಕ್ಸನ್ನು ಚಾರ್ಜಿಂಗ್ ಸರ್ಕ್ಯೂಟಿನಿಂದ ಬಿಡಿಸಿ. ಎಂಜಿನ್ನಿನ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ ಈ ಖರ್ಚೆಲ್ಲ ದಂಡ.

ಪ್ರಶ್ನೆ: ಇ20 ಪೆಟ್ರೋಲ್ (20% ಎಥನಾಲ್ ಬೆರೆತದ್ದು) ಹಾಕಿದಾಗಿನಿಂದ ನನ್ನ ಎಂಜಿಬಿಯ ಎಂಜಿನ್ ಮುಗ್ಗರಿಸುತ್ತಿದೆ.
– ಓದುಗರು, ಮೈಸೂರು

ಉತ್ತರ: ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್‌ನಲ್ಲಿ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹೊರಬರುವ ತೂತು) ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಅಂದರೆ ಇಂಧನದ ಪಾಲು ಸಾಲದಾಗುತ್ತದೆ. ಮೊದಲು ರಬ್ಬರ್ ಹೋಸ್‌ಗಳನ್ನೆಲ್ಲ ಎಥನಾಲ್ ತಡೆಯುವ ಆರ್9 ದರ್ಜೆಗೆ ಬದಲಿಸಿ. ಹಳೆಯವು ಬಿರಿದು ಸೋರಿದರೆ ಬೆಂಕಿಯೇ. ತಣ್ಣಗಿರುವಾಗ ವಾಲ್ವ್ ಕ್ಲಿಯರೆನ್ಸ್ 0.38 ಮಿ.ಮೀ. ಇದೆಯೇ ನೋಡಿ, ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್, ಕಿಡಿಯ ಟೈಮಿಂಗ್ ಸರಿಮಾಡಿ, ಕಾರ್ಬ್ಯುರೇಟರ್ ಸರದಿ ಆಮೇಲೆ. ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್‌ನ ಜೆಟ್ ನಟ್ಟನ್ನು ಒಂದೊಂದೇ ಮುಖದಷ್ಟು ತಿರುಗಿಸಿ ಜೆಟ್ ಕೆಳಗಿಳಿಸಿ, ಎರಡೂ ಕಾರ್ಬ್ಯುರೇಟರ್‌ಗಳಲ್ಲಿ ಸಮನಾಗಿ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ನನ್ನು ಅದರ ಪಿನ್‌ನಿಂದ 0.8 ಮಿ.ಮೀ. ಎತ್ತಿ: ಎಂಜಿನ್ ವೇಗ ಕುಸಿದರೆ ಮಿಶ್ರಣ ಇನ್ನೂ ತೆಳು, ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಅತಿಯಾಯಿತು, ತುಸು ಏರಿ ಇಳಿದರೆ ಸರಿ.