ಓದುಗರ ಪ್ರಶ್ನೆ: ಕಡಿಮೆ ರೇಟಿನ ಗ್ಯಾಸ್ ಸೆಟ್ ತೆಗೊಳ್ಬಹುದಾ?

ಪ್ರಶ್ನೆ: ನಮ್ಮದು ಕಟಪಾಡಿ ಹತ್ರ. ಹಳೆ ಸೈಕಲ್ ತಂದು ಸರಿ ಮಾಡಿ ಓಡಿಸುದು ನನಗೆ ತುಂಬಾ ಇಷ್ಟ, ಆದ್ರೆ ಫ್ರೇಮಿನ ಜಾಯಿಂಟ್ ಬಿಟ್ಟಾಗೆಲ್ಲ ಗ್ಯಾರೇಜಿಗೆ ಹೊತ್ಕೊಂಡು ಹೋಗಿ ಸಾಕಾಯ್ತು. ಆನ್‌ಲೈನಲ್ಲಿ ಗ್ಯಾಸ್ ವೆಲ್ಡಿಂಗಿನ ಟಾರ್ಚ್, ರೆಗ್ಯುಲೇಟರ್, ಪೈಪ್ ಎಲ್ಲ ಸೇರಿ ಎರಡೂವರೆ ಸಾವಿರಕ್ಕೆ ಒಂದು ಕಿಟ್ ಉಂಟು. ತೆಗೊಳ್ಬಹುದಾ? ಅಡುಗೆ ಸಿಲಿಂಡರಿಗೇ ಕನೆಕ್ಟ್ ಮಾಡಿದ್ರೆ ಆಗ್ತದಾ? ಕೆಲವೊಮ್ಮೆ 5-6 ಎಂಎಂ ಪ್ಲೇಟ್ ಕಟ್ ಮಾಡ್ಲಿಕ್ಕೂ ಉಂಟು.

ಉತ್ತರ: ಅಡುಗೆ ಸಿಲಿಂಡರ್ ಬೇಡ ಮಾರಾಯ್ರೆ. ಮನೆಯ 14.2 ಕೆಜಿ ಸಿಲಿಂಡರನ್ನ ಅಡುಗೆ ಬಿಟ್ಟು ಬೇರೆ ಕೆಲಸಕ್ಕೆ ಬಳಸುದು ಕಾನೂನು ಪ್ರಕಾರ ತಪ್ಪು, ಅದ್ರ ರೆಗ್ಯುಲೇಟರ್ ಕೊಡುವ ಪ್ರೆಶರ್ ಸ್ಟವ್ವಿಗೆ ಮಾತ್ರ ಸಾಕು, ಕಟಿಂಗ್ ಟಾರ್ಚಿಗೆ ಏನೇನೂ ಸಾಲುದಿಲ್ಲ. 5 ಕೆಜಿಯ ಸಣ್ಣ ಸಿಲಿಂಡರ್ ಬರ್ತದಲ್ಲ, ಐಡಿ ಪ್ರೂಫ್ ತೋರಿಸಿದ್ರೆ ಸಿಗುವಂಥದ್ದು, ಅದು ತೆಗೊಂಡು ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿ.

ಇನ್ನು ಅಸಿಟಿಲಿನ್ (ಗ್ಯಾರೇಜಿನವ್ರು ವೆಲ್ಡಿಂಗಿಗೆ ಬಳಸುವ ಗ್ಯಾಸ್) ಬೇಕಾ ಎಲ್‌ಪಿಜಿ ಸಾಕಾ ಅಂತ ಮೊದ್ಲು ತೀರ್ಮಾನ ಮಾಡ್ಕೊಳ್ಳಿ, ಎಲ್ಲ ಖರ್ಚು ಅದ್ರ ಮೇಲೆ ನಿಂತಿರ್ತದೆ. ಆಕ್ಸಿಜನ್ ಸೇರಿದ ಅಸಿಟಿಲಿನ್ ಬೆಂಕಿ ಸುಮಾರು 3100 ಡಿಗ್ರಿ, ಎಲ್‌ಪಿಜಿಯದ್ದು 2800ರ ಆಸುಪಾಸು. ಕಬ್ಬಿಣಕ್ಕೆ ಕಬ್ಬಿಣ ಕರಗಿಸಿ ಬೆಸೆಯುವ ವೆಲ್ಡಿಂಗ್ ಅಂದ್ರೆ ಅಸಿಟಿಲಿನ್ನೇ ಬೇಕು, ಎಲ್‌ಪಿಜಿಯಲ್ಲಿ ಆ ಜಾಯಿಂಟ್ ಸರಿ ಬರುದಿಲ್ಲ. ಆದ್ರೆ ನಿಮ್ಮ ಸೈಕಲ್ ಫ್ರೇಮಿಗೆ ಬೇಕಾದ್ದು ಬ್ರೇಜಿಂಗ್, ಅಂದ್ರೆ ಪೈಪ್ ಕರಗಿಸದೆ ಬೇರೆ ಲೋಹದ ರಾಡ್ ಕರಗಿಸಿ ಬೆಸೆಯುದು. ಹಿತ್ತಾಳೆ ರಾಡ್ 900 ಡಿಗ್ರಿ ಹತ್ರ ಕರಗ್ತದೆ, ಸಿಲ್ವರ್ ರಾಡ್ ಇನ್ನೂ ಬೇಗ, ಫ್ರೇಮಿನ ಪೈಪ್ ಕೆಂಪಾಗ್ತದೆ ಅಷ್ಟೇ, ಕರಗುದಿಲ್ಲ. ಕಟಿಂಗಿಗೂ ಎಲ್‌ಪಿಜಿ ನಡೀತದೆ. ಹಾಗಾಗಿ ಅಸಿಟಿಲಿನ್ ಸಿಲಿಂಡರ್ ತಲೆಬಿಸಿ ನಿಮಗೆ ಬೇಡ. ಅದನ್ನ ಯಾವಾಗ್ಲೂ ನೆಟ್ಟಗೇ ನಿಲ್ಸಬೇಕು, ಒಳಗೆ ಗ್ಯಾಸ್ ಅಸಿಟೋನಲ್ಲಿ ಕರಗಿಕೊಂಡು ಇರ್ತದೆ, ಪೈಪಲ್ಲಿ ಪ್ರೆಶರ್ 15 ಪಿಎಸ್‌ಐ (ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ) ದಾಟಿದ್ರೆ ತನ್ನಷ್ಟಕ್ಕೇ ಸಿಡಿಯುವ ಭಯ.

ಈಗ ಕಿಟ್ ವಿಷಯ. ಟಾರ್ಚ್ ಸಾಧಾರಣ ಇದ್ರೂ ಅಡ್ಡಿಲ್ಲ, ಆದ್ರೆ ರೆಗ್ಯುಲೇಟರ್, ಪೈಪ್, ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಬೆಂಕಿ ಪೈಪಿನೊಳಗೆ ಹಿಂದೆ ಓಡುದನ್ನ ತಡೆಯುವ ಭಾಗ) ಈ ಮೂರರಲ್ಲಿ ಒಂದು ರೂಪಾಯಿ ಉಳಿಸ್ಲಿಕ್ಕೆ ಹೋಗ್ಬೇಡಿ ಅಂತ ಕೈಮುಗಿದು ಹೇಳ್ತೇನೆ. ತುಂಬಿದ ಆಕ್ಸಿಜನ್ ಸಿಲಿಂಡರಿನೊಳಗೆ ಪ್ರೆಶರ್ ಚದರ ಸೆಂಟಿಮೀಟರಿಗೆ 150 ಕೆಜಿ ಲೆಕ್ಕ, ಅದನ್ನ 2-3ಕ್ಕೆ ಇಳಿಸಿ ಹಿಡಿಯುದು ಆ ಅಂಗೈ ಅಗಲದ ರೆಗ್ಯುಲೇಟರ್. ಅದ್ರ ಮೇಲೆ ಐಎಸ್ 6901 ಅಂತ ಇಂಡಿಯನ್ ಸ್ಟ್ಯಾಂಡರ್ಡ್ ನಂಬರ್ ಉಂಟಾ ನೋಡಿ. ಸಿಲಿಂಡರಿಗೆ ಹಾಕಿದ ಮೇಲೆ ಟಾರ್ಚಿನ ವಾಲ್ವ್ ಬಂದ್ ಇಟ್ಟು ಪ್ರೆಶರ್ ಸೆಟ್ ಮಾಡಿ ಐದು ನಿಮಿಷ ಪೈಪಿನ ಪ್ರೆಶರ್ ತೋರಿಸುವ ಮೀಟರ್ ನೋಡ್ತಾ ನಿಲ್ಲಿ, ಮುಳ್ಳು ತನ್ನಷ್ಟಕ್ಕೇ ಮೇಲೆ ಹತ್ತಿದ್ರೆ ಒಳಗೆ ಗ್ಯಾಸ್ ತಡೆಯುವ ಸೀಟ್ ಹಿಡೀತಿಲ್ಲ ಅಂತ ಅರ್ಥ, ಆ ಕ್ಷಣ ಬಿಚ್ಚಿ ವಾಪಸ್ ಕೊಡಿ. ಅರೆಸ್ಟರ್ ಆಕ್ಸಿಜನ್, ಎಲ್‌ಪಿಜಿ ಎರಡು ಲೈನಿಗೂ ಬೇಕು. ಚೆಕ್ ವಾಲ್ವ್ ಉಂಟಲ್ಲ ಸಾಕು ಅಂತ ಅಂಗಡಿಯವ್ರು ಹೇಳಿದ್ರೆ ಒಪ್ಬೇಡಿ, ಚೆಕ್ ವಾಲ್ವ್ ಗ್ಯಾಸ್ ಹಿಂದೆ ಹೋಗುದನ್ನ ತಡೀತದೆ, ಹಿಂದೆ ಓಡಿ ಬರುವ ಬೆಂಕಿಯನ್ನ ಅಲ್ಲ.

ನಾನು ಶುರುವಿಗೆ ಬಂದರಿನ ಒಂದು ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಸೆಟ್ ತಂದಿದ್ದೆ. ಕೆಂಪು ಪೈಪಲ್ಲಿ ಕ್ಲಿಪ್ಪಿನ ಅಡಿಗೇ ಉಗುರಿನಷ್ಟು ಸೀಳು, ಕ್ಲಿಪ್ ಮುಚ್ಚಿದ್ದರಿಂದ ಕಾಣ್ಲಿಲ್ಲ. ಮೂರನೇ ದಿನ ಬ್ರೇಜಿಂಗ್ ಮಾಡುವಾಗ ಕಿಡಿ ಹಾರಿ ಅಲ್ಲೇ ಬೆರಳುದ್ದ ನೀಲಿ ಬೆಂಕಿ ಹತ್ತಿಕೊಂಡಿತು. ಸಿಲಿಂಡರ್ ಕೈಗೆ ಸಿಗುವಷ್ಟು ದೂರದಲ್ಲಿ ಇದ್ದದ್ದಕ್ಕೆ ವಾಲ್ವ್ ತಿರುಗಿಸಿ ಬದುಕಿದೆ. ಅವತ್ತಿಂದ ಪ್ರತಿ ಸಲ ಪ್ರತಿ ಜಾಯಿಂಟಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರ್ತದಾ ನೋಡಿಯೇ ಬೆಂಕಿ ಹಚ್ಚುದು. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲದಲ್ಲೇ ಹರಡಿ ನಿಲ್ತದೆ, ಹಾಗಾಗಿ ಕೆಲಸ ಅಂಗಳದಲ್ಲಿ ಮಾಡಿ, ಮುಚ್ಚಿದ ಶೆಡ್ಡಲ್ಲಿ ಬೇಡ.

ಕಟಿಂಗಿಗೆ ನಾಸಲ್ (ಟಾರ್ಚಿನ ತುದಿಯ ಬಾಯಿ) ಯಾವ ಗ್ಯಾಸಿನದ್ದು ಅಂತ ಕೇಳಿ ತೆಗೊಳ್ಳಿ. ಎಲ್‌ಪಿಜಿಯದ್ದು ಎರಡು ಪೀಸ್, ಬಿಚ್ಚಿದ್ರೆ ಒಳಗಿನ ಹಿತ್ತಾಳೆ ತುಂಡಿನ ಸುತ್ತ ಉದ್ದುದ್ದ ಗೀರು ಕಾಣ್ತದೆ, ಅಸಿಟಿಲಿನಿದ್ದು ಒಂದೇ ಪೀಸ್. ಅಸಿಟಿಲಿನ್ ನಾಸಲನ್ನ ಎಲ್‌ಪಿಜಿಗೆ ಹಾಕಿದ್ರೆ ಬೆಂಕಿ ತುದಿಯಲ್ಲಿ ನಿಲ್ಲದೆ ಹಾರಿ ಹಾರಿ ಆರ್ತದೆ. ಆಕ್ಸಿಜನ್ ಲೆಕ್ಕವೂ ಹಾಕಿ, 10 ಲೀಟರಿನ ಸಣ್ಣ ಸಿಲಿಂಡರಲ್ಲಿ 1500 ಲೀಟರ್ ಗ್ಯಾಸ್, ಕಟಿಂಗ್ ಮಾಡಿದ್ರೆ ಒಂದು ಗಂಟೆ ಆಚೀಚೆ ಖಾಲಿ. ವರ್ಷಕ್ಕೆ ನಾಲ್ಕು ಪ್ಲೇಟ್ ಮಾತ್ರ ಅಂತಾದ್ರೆ ನಾಲ್ಕಿಂಚಿನ ಗ್ರೈಂಡರ್ ಸಾಕು, ಗ್ಯಾಸನ್ನ ಬ್ರೇಜಿಂಗಿಗೇ ಇಡಿ. ಸಿಲಿಂಡರನ್ನ ಡೀಲರ್ ಹತ್ರ ಡೆಪಾಸಿಟ್ ಕೊಟ್ಟೇ ತನ್ನಿ, ಗುಜರಿಯಿಂದ ಖಂಡಿತ ಬೇಡ.

ಪ್ರಶ್ನೆ: ರೆಗ್ಯುಲೇಟರಿನ ನಟ್ ತುಂಬಾ ಟೈಟ್ ಆಗಿದೆ. ಸ್ವಲ್ಪ ತೆಂಗಿನೆಣ್ಣೆ ಬಿಟ್ಟರೆ ಆಗ್ಬಹುದಾ? (ಸುರತ್ಕಲ್)

ಉತ್ತರ: ಬೇಡವೇ ಬೇಡ! ಆಕ್ಸಿಜನ್ ಲೈನಿಗೆ ತೆಂಗಿನೆಣ್ಣೆ, ಗ್ರೀಸ್, ಎಣ್ಣೆ ಹಚ್ಚಿದ ಕೈ ಯಾವುದೂ ತಾಗ್ಬಾರ್ದು. ಒತ್ತಡದ ಆಕ್ಸಿಜನ್ ತಾಗಿದ್ರೆ ಎಣ್ಣೆ ಕಿಡಿಯೇ ಇಲ್ಲದೆ ಹೊತ್ತಿ ಸಿಡೀತದೆ. ಒಂದು ವಿಷಯ ನೋಡಿ, ಫ್ಯೂಯಲ್ ಗ್ಯಾಸಿನ (ಎಲ್‌ಪಿಜಿ, ಅಸಿಟಿಲಿನ್) ನಟ್ ಆದ್ರೆ ಅದ್ರ ಥ್ರೆಡ್ ಉಲ್ಟಾ, ಎಡಕ್ಕೆ ತಿರುಗಿಸಿದ್ರೆ ಟೈಟ್ ಆಗುದು, ನಟ್ಟಿನ ಮೂಲೆಯಲ್ಲಿ ಸಣ್ಣ ಕಚ್ಚು ಇರ್ತದೆ ಗುರುತಿಗೆ. ತುಂಬಾ ಜನ ಅದನ್ನ ಬಿಚ್ತೇನೆ ಅಂತ ಇನ್ನೂ ಬಿಗಿ ಮಾಡಿರ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ಮೂರು ತಿಂಗಳು ಟಾರ್ಚ್ ಮುಟ್ಟುದಿಲ್ಲ. ಹೇಗೆ ಇಡ್ಬೇಕು? (ಮೂಲ್ಕಿ)

ಉತ್ತರ: ಬ್ರೇಜಿಂಗ್ ಪೌಡರ್ ನಮ್ಮ ಕಡೆಯ ಥಂಡಿಗೆ ಕಲ್ಲಾಗ್ತದೆ, ಮುಚ್ಚಳ ಬಿಗಿ ಇರುವ ಡಬ್ಬಿಗೆ ಹಾಕಿ. ಪೈಪ್ ಸುತ್ತಿ ನೆರಳಲ್ಲಿ ನೇತು ಹಾಕಿ, ತೆಗೆಯುವಾಗ ಒಂದೊಂದು ಗೇಣು ಬಗ್ಗಿಸಿ ಬಿರುಕು ಉಂಟಾ ನೋಡಿ. ನಾಸಲಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟುದು ಮರೀಬೇಡಿ, ಕಣಜದ ಹುಳ ಆ ತೂತಿನೊಳಗೆ ಮಣ್ಣು ಮೆತ್ತಿ ಗೂಡು ಮಾಡ್ತದೆ, ಹೊರಗಿಂದ ಕಾಣುದೇ ಇಲ್ಲ. ನವರಾತ್ರಿ ಹೊತ್ತಿಗೆ ಹೊರಗೆ ತೆಗೆದಾಗ ಮೊದ್ಲು ನಾಸಲ್ ಬಿಚ್ಚಿ ಬೆಳಕಿಗೆ ಹಿಡಿದು ತೂತಲ್ಲಿ ಆಕಾಶ ಕಾಣ್ತದಾ ನೋಡಿ, ಆಮೇಲೆ ಪೈಪ್ ಹಾಕಿ.