ಹಲ್ಲಿಗೆ ಕ್ಲಿಪ್ ಹಾಕಿಸಲು ಹತ್ತಿರದ ಡೆಂಟಿಸ್ಟ್ ಸಾಕಾ, ಆರ್ಥೊಡಾಂಟಿಸ್ಟೇ ಬೇಕಾ?

ಮಗಳಿಗೆ 11 ವರ್ಷ, ಮೇಲಿನ ಹಲ್ಲುಗಳು ಒಂದರ ಮೇಲೊಂದು ಬಂದಿವೆ, ಯಾರಿಗೆ ತೋರಿಸಬೇಕು ಅಂತ ಕೇಳಿದ್ದೀರಿ. ನನ್ನ ಮಗನಿಗೆ ಕ್ಲಿಪ್ ಹಾಕಿಸುವಾಗ ನನಗೂ ಇದೇ ಗೊಂದಲ ಇತ್ತು.

ಮೊದಲು ಮಾಮೂಲಿ ಡೆಂಟಿಸ್ಟ್ ಹತ್ತಿರವೇ ಹೋಗಿ. ಹುಳುಕು ಇದ್ದರೆ, ವಸಡಿನಲ್ಲಿ ರಕ್ತ ಬರುತ್ತಿದ್ದರೆ ಅದನ್ನು ಸರಿಮಾಡದೆ ಕ್ಲಿಪ್ ಹಾಕಬಾರದು. ಆದರೆ ಹಲ್ಲು ಸರಿಸುವ ಕೆಲಸಕ್ಕೆ ಆರ್ಥೊಡಾಂಟಿಸ್ಟೇ ಬೇಕು ಅನ್ನುವವಳು ನಾನು. ಡೆಂಟಲ್ ಓದು ಮುಗಿದ ಮೇಲೆ ಹಲ್ಲು, ದವಡೆಯ ಜೋಡಣೆಯನ್ನೇ ಇನ್ನೂ ಎರಡು ಮೂರು ವರ್ಷ ಕಲಿತವರು ಅವರು. ಸಂಕೋಚ ಬೇಡ, ನೇರವಾಗಿ ಕೇಳಿ: ನೀವು ಇದರಲ್ಲೇ ಸ್ಪೆಷಲಿಸ್ಟಾ? ಪ್ರತಿ ಸಲವೂ ನೀವೇ ನೋಡ್ತೀರಾ?

ನಾವು ಹೋದ ಮೊದಲ ಕ್ಲಿನಿಕ್‌ನಲ್ಲಿ ಬಾಯಿ ನೋಡಿದ ಎರಡೇ ನಿಮಿಷಕ್ಕೆ "ನಾಳೆನೇ ಹಾಕೋಣ" ಅಂದರು. ಎಕ್ಸ್‌ರೇ ಇಲ್ಲ, ಹಲ್ಲಿನ ಅಚ್ಚು ಇಲ್ಲ. ಎದ್ದು ಬಂದೆವು. ಎರಡನೆಯವರು ಪೂರ್ತಿ ಬಾಯಿಯ ಎಕ್ಸ್‌ರೇ ತೆಗೆಸಿ, ಪರದೆ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು. ಮೇಲಿನ ಒಂದು ಕೋರೆಹಲ್ಲು ದವಡೆಯೊಳಗೆ ಅಡ್ಡಡ್ಡ ಮಲಗಿತ್ತು! ಆ ಜಾಗದಲ್ಲಿ ಹಾಲುಹಲ್ಲು ಗಟ್ಟಿಯಾಗಿ ಕೂತಿದ್ದರಿಂದ ನಮಗೆ ಅನುಮಾನವೇ ಬಂದಿರಲಿಲ್ಲ. ಹಾಗೇ ಬಿಟ್ಟಿದ್ದರೆ ಅದು ಪಕ್ಕದ ಹಲ್ಲಿನ ಬೇರನ್ನೇ ಸವೆಸಬಹುದಿತ್ತಂತೆ. ಅವತ್ತೇ ನಿರ್ಧಾರ ಮಾಡಿದೆ, ತೋರಿಸಿ ಹೇಳುವ ಡಾಕ್ಟರೇ ನಮಗೆ ಬೇಕು ಅಂತ.

ಎಷ್ಟು ದಿನ ಹಿಡಿಯುತ್ತದೆ ಅಂತಲೂ ಕೇಳಿದ್ದೀರಿ ಅಲ್ವಾ? ಸಾಮಾನ್ಯವಾಗಿ 18ರಿಂದ 24 ತಿಂಗಳು. ತಂತಿ ಒತ್ತಿದ ಕಡೆ ಮೂಳೆ ಕರಗಬೇಕು, ಹಲ್ಲು ಬಿಟ್ಟುಬಂದ ಕಡೆ ಹೊಸ ಮೂಳೆ ತುಂಬಬೇಕು. ಹಾಗಾಗಿ ಹಲ್ಲು ಸರಿಯುವುದು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಅಷ್ಟೇ. ಬೇಗ ಮುಗಿಸಲು ಜಾಸ್ತಿ ಬಲ ಹಾಕಿದರೆ ಬೇರಿಗೇ ಪೆಟ್ಟು. 4ರಿಂದ 8 ವಾರಕ್ಕೊಮ್ಮೆ ಹೋಗಬೇಕಾಗುತ್ತದೆ, ನಡುವೆ ತಂತಿ ಚುಚ್ಚಿದರೆ, ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು, ಅಂದರೆ ಬ್ರಾಕೆಟ್, ಕಿತ್ತುಬಂದರೆ ಮತ್ತೆ ಓಡಬೇಕು. ಅದಕ್ಕೇ ಕ್ಲಿನಿಕ್ ಮನೆಗೆ ಹತ್ತಿರ ಇದ್ದರೆ ಒಳ್ಳೆಯದು. ಬ್ರಾಕೆಟ್ ಸುತ್ತ ಸರಿಯಾಗಿ ಉಜ್ಜದಿದ್ದರೆ ಕ್ಲಿಪ್ ತೆಗೆದ ಮೇಲೆ ಹಲ್ಲಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಸಂದಿಗೆ ಹೋಗುವ ಪುಟ್ಟ ಬ್ರಷ್ ತಗೊಳ್ಳಿ.

ಇನ್ನು ರಿಟೇನರ್, ಅಂದರೆ ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಸಾಧನ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಾನು ಕಾಲೇಜಿನಲ್ಲಿದ್ದಾಗ ಕ್ಲಿಪ್ ಹಾಕಿಸಿದ್ದೆ. ತೆಗೆದ ಮೇಲೆ ಒಂದು ವರ್ಷ ರಿಟೇನರ್ ಹಾಕಿ, ಇನ್ನು ಸಾಕು ಅಂತ ಬಿಟ್ಟೆ. ಮುಂದೇನಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಹಲ್ಲಿನ ಬೇರನ್ನು ಹಿಡಿದಿರುವ ನಾರುಗಳು ಅದನ್ನು ಹಳೆಯ ಜಾಗಕ್ಕೇ ಎಳೆಯುತ್ತಿರುತ್ತವೆ. ಈಗ ನನ್ನ ಕೆಳಗಿನ ಮುಂದಿನ ಹಲ್ಲೊಂದು ಒಳಕ್ಕೆ ವಾಲಿದೆ. ಮಾತಾಡುವಾಗೆಲ್ಲ ಅದರ ಅಂಚು ನಾಲಿಗೆಗೆ ತಾಗುತ್ತದೆ. ಹಾಗಾಗಿ ಕ್ಲಿಪ್ ಹಾಕುವ ಮೊದಲೇ ಕೇಳಿಕೊಳ್ಳಿ: ರಿಟೇನರ್ ಯಾವ ಥರದ್ದು, ಎಷ್ಟು ವರ್ಷ ಹಾಕಬೇಕು, ಕಳೆದುಹೋದರೆ ಏನು ಮಾಡಬೇಕು, ಅದರ ಖರ್ಚು ಈಗ ಹೇಳಿದ ಮೊತ್ತದಲ್ಲಿ ಸೇರಿದೆಯಾ?

11 ವರ್ಷ ತಡವೇನಲ್ಲ, ಗಾಬರಿ ಬೇಡ. ಹಲ್ಲು ಕೀಳಬೇಕು ಅಂದರೆ ಎಕ್ಸ್‌ರೇ ಕಾಪಿ ಇಸ್ಕೊಂಡು ಇನ್ನೊಬ್ಬ ಆರ್ಥೊಡಾಂಟಿಸ್ಟ್‌ಗೂ ತೋರಿಸಿ. ಒಳ್ಳೆಯ ಡಾಕ್ಟರ್ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.