‘ಹಬ್ಬಕ್ಕ ಬರ್ತೀನಿ’ ಅಂದ ಮಾವ, ಬ್ಯಾಗು ಕಟ್ಟಿಟ್ಟ ಹುಡುಗ

ಈ ಪ್ರಕರಣ ಆಪ್ತಸಮಾಲೋಚಕಿಯಾದ ನನ್ನ ಮೇಜಿಗೆ ಬಂದಾಗ ಕಾಗದದ ಮೇಲೆ ಇದ್ದದ್ದು ಎರಡು ಸಾಲು: ‘ಸುಳ್ಳು ಹೇಳುತ್ತಾನೆ. ತರಗತಿಯಲ್ಲಿ ಸಹಪಾಠಿಯ ಹಣೆಗೆ ಕಂಪಾಸು ಪೆಟ್ಟಿಗೆಯಿಂದ ಹೊಡೆದಿದ್ದಾನೆ.’ ಹುಡುಗನಿಗೆ ಹದಿಮೂರು ವರ್ಷ, ಎಂಟನೇ ತರಗತಿ. ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ನಡೆಸುವ ಮಕ್ಕಳ ಪಾಲನಾ ಗೃಹದಲ್ಲಿ ನಾಲ್ಕು ವರ್ಷದಿಂದ ಇದ್ದಾನೆ. ಸಂಗಮೇಶ ಎಂದು ಕರೆಯೋಣ. ಹೆಸರಷ್ಟೇ ಅಲ್ಲ, ಗುರುತು ಹತ್ತಬಹುದಾದ ಬೇರೆ ವಿವರಗಳನ್ನೂ ಬದಲಿಸಿದ್ದೇನೆ.

ಜಗಳ ಹುಟ್ಟಿದ್ದು ಒಂದು ಪ್ರಬಂಧದಿಂದ. ದಸರಾ ಸೂಟಿ ಮುಗಿದು ಶಾಲೆ ಶುರುವಾದ ಮೊದಲ ವಾರ ಕನ್ನಡದ ಗುರುಗಳು ಎಲ್ಲರಿಗೂ ‘ನಾನು ದಸರಾ ರಜೆ ಕಳೆದ ಬಗೆ’ ಬರೆಯಲು ಹೇಳಿದರು. ಸಂಗಮೇಶ ಎರಡು ಪುಟ ಬರೆದ. ಸೀಗಿ ಹುಣ್ಣಿಮೆಗೆ ಮಾವನ ಹೊಲಕ್ಕೆ ಹೋದದ್ದು, ಆಯಿ (ಅಜ್ಜಿ) ಮಾಡಿದ ಎಣ್ಣಿಗಾಯಿ ಬದನಿಕಾಯಿ, ಸಜ್ಜಿ ಕಡಬು, ಬೆಳೆಯ ನಡುವೆ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಿದ್ದು, ಎಲ್ಲ ಅದರಲ್ಲಿತ್ತು. ಗುರುಗಳು ಮೆಚ್ಚಿ ಗಟ್ಟಿಯಾಗಿ ಓದಿಸಿದರು. ಅದೇ ಗೃಹದಲ್ಲಿರುವ ಇನ್ನೊಬ್ಬ ಹುಡುಗ ಹಿಂದಿನ ಬೆಂಚಿನಿಂದ ಎದ್ದು, ‘ಸುಳ್ಳ ಸರ! ಇವ ಎಲ್ಲೂ ಹೋಗಿಲ್ರಿ, ಸೂಟಿ ಪೂರ್ತಿ ಇಲ್ಲೇ ಇದ್ದ’ ಅಂದ. ಮುಂದಿನದು ದೂರಿನಲ್ಲಿದೆ.

ಹೊಡೆದ ಮಾತು ಆಮೇಲಾಯಿತು ಎಂದು ನಾನು ಹೊಲದಿಂದ ಶುರು ಮಾಡಿದೆ. ಎಣ್ಣಿಗಾಯಿಗೆ ಏನೇನು ಹಾಕ್ತಾರೆ ಎಂದು ಕೇಳಿದೆ. ಶೇಂಗಾ, ಗುರೆಳ್ಳು, ಹುಣಸಿ, ಬೆಲ್ಲ ಎಂದು ಒಂದೂ ತಪ್ಪದೆ ಹೇಳಿದ. ‘ಇದು ಯಾವ ವರ್ಷದ್ದಪ?’ ಅಂದೆ. ಬಹಳ ಹೊತ್ತು ನೆಲ ನೋಡಿ, ‘ನಾ ಎರಡನೇತ್ತಾ ಇದ್ದಾಗರಿ’ ಅಂದ. ಅವನು ಬರೆದದ್ದರಲ್ಲಿ ಹೊಲ, ಆಯಿ, ಊಟ ಎಲ್ಲ ನಿಜ. ವರ್ಷವೊಂದೇ ತಪ್ಪು. ಇದಕ್ಕೆ ಸುಳ್ಳುಬುರುಕ ಎಂಬ ಪಟ್ಟ ಕಟ್ಟಲು ನನ್ನ ಮನಸ್ಸು ಒಪ್ಪಲಿಲ್ಲ. ಊಟ, ನಿದ್ದೆ, ತನ್ನನ್ನು ತಾನೇ ಘಾಸಿಮಾಡಿಕೊಳ್ಳುವ ಯೋಚನೆ ಇವನ್ನೆಲ್ಲ ವಿಚಾರಿಸಿದೆ. ತಕ್ಷಣ ಮನೋವೈದ್ಯರ ಬಳಿ ಕಳಿಸಬೇಕಾದ ಲಕ್ಷಣ ಕಾಣಲಿಲ್ಲ.

ತಂದೆ ತೀರಿಕೊಂಡಿದ್ದಾನೆ. ತಾಯಿ ಮರುಮದುವೆಯಾಗಿ ದೂರ ಹೋಗಿದ್ದಾಳೆ, ಸಂಪರ್ಕವಿಲ್ಲ. ಉಳಿದವರು ವಯಸ್ಸಾದ ಆಯಿ ಮತ್ತು ಸೋದರಮಾವ. ಮಾವ ಕಚೇರಿಯ ಫೋನಿಗೆ ಆಗಾಗ ಮಾತಾಡುತ್ತಾನೆ, ಪ್ರತಿ ಸಲವೂ ‘ಈ ಹಬ್ಬಕ್ಕ ಬರ್ತೀನಪಾ, ಕರಕೊಂಡ ಹೋಗ್ತೀನಿ’ ಅನ್ನುತ್ತಾನೆ. ಹುಡುಗ ಸೂಟಿಗೆ ನಾಲ್ಕು ದಿನ ಮೊದಲೇ ಬಟ್ಟೆ ಒಗೆದು, ಮಡಚಿ, ಬ್ಯಾಗು ಕಟ್ಟಿ ಮಂಚದ ಕೆಳಗೆ ಇಡುತ್ತಾನೆ. ಮಾವ ಬರುವುದಿಲ್ಲ. ಸೂಟಿ ಪೂರ್ತಿ ಆ ಬ್ಯಾಗು ಬಿಚ್ಚುವುದಿಲ್ಲ. ಅಷ್ಟೂ ದಿನ ಹಾಕಿಕೊಂಡದ್ದೇ ಎರಡು ಜೊತೆ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ಹಾಕಿಕೊಳ್ಳುತ್ತಾನೆ. ಇದನ್ನು ಹೇಳಿದವರು ಅಲ್ಲಿನ ಕೇರ್‌ಟೇಕರ್. ಹುಡುಗರು ಅವರನ್ನು ಕಾಕಾ ಅನ್ನುತ್ತಾರೆ. ‘ಸೂಟಿ ಬಂತಂದ್ರ ಇವಗ ಏನ ಆಗ್ತೈತೋ ಗೊತ್ತಿಲ್ರಿ ಮೇಡಂ, ಯಾರ ಕೂಡಾನೂ ನೆಟ್ಟಗ ಮಾತಾಡಂಗಿಲ್ಲ’ ಅಂದರು.

ಗೃಹದ ನೋಟಿಸ್ ಬೋರ್ಡನ್ನೂ ನೋಡಿದೆ. ಊರಿಗೆ ಹೋಗಲು ಅನುಮತಿ ಸಿಕ್ಕವರ ಹೆಸರನ್ನು ಸೂಟಿಗೆ ಮುಂಚೆ ಅಲ್ಲಿ ಬರೆಯುತ್ತಾರೆ. ಪಾಲನೆ, ರಕ್ಷಣೆ ಬೇಕಾದ ಮಕ್ಕಳ ವಿಷಯದಲ್ಲಿ ತೀರ್ಮಾನ ಮಾಡುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಿಂದ ಆದೇಶ ಬಂದಂತೆಲ್ಲ ದಿನಕ್ಕೆ ಒಂದೆರಡು ಹೆಸರು ಸೇರುತ್ತವೆ. ಸಂಗಮೇಶ ದಿನಾ ಹಲ್ಲುಜ್ಜುವ ಮೊದಲು ಅದರ ಮುಂದೆ ನಿಲ್ಲುತ್ತಾನೆ. ಯಾರದೂ ಕೆಟ್ಟ ಉದ್ದೇಶವಲ್ಲ. ಆದರೂ ಹನ್ನೆರಡು ದಿನ ನಡೆಯುವ ಫಲಿತಾಂಶ ಪ್ರಕಟಣೆ ಅದು.

ಹೊರಗಿನವರಿಗೆ ಗೊತ್ತಿರಲಿ ಎಂದು ನಿಯಮದ ಮಾತು ಇಷ್ಟು: ಗೃಹದಲ್ಲಿರುವ ಮಗುವನ್ನು ನೆಂಟರು ಬಂದು ಕೇಳಿದ ಕೂಡಲೇ ಕಳಿಸಲಾಗದು. 2015ರ ಬಾಲನ್ಯಾಯ ಕಾಯ್ದೆಯ 98ನೇ ಸೆಕ್ಷನ್ ಪ್ರಕಾರ ಸಮಿತಿ ರಜೆ ಮಂಜೂರು ಮಾಡಬೇಕು. ಪರೀಕ್ಷೆ, ನೆಂಟರ ಮದುವೆ, ಸಾವು, ತಂದೆತಾಯಿಯ ಕಾಯಿಲೆ ಮುಂತಾದ ಸಂದರ್ಭಗಳನ್ನು ಅದು ಹೆಸರಿಸುತ್ತದೆ. ಪ್ರಯಾಣದ ವೇಳೆ ಬಿಟ್ಟು ಒಂದು ಸಲಕ್ಕೆ ಸಾಮಾನ್ಯವಾಗಿ ಏಳು ದಿನ. ಹಬ್ಬವೆಂಬ ಮಾತು ಅಲ್ಲಿಲ್ಲದಿದ್ದರೂ, ಮನೆ ಸುರಕ್ಷಿತವೆಂದು ಮನವರಿಕೆಯಾದರೆ ಹಬ್ಬಕ್ಕೂ ಬಿಡುವುದುಂಟು. ಅರ್ಜಿಯನ್ನು ಯಾರಾದರೂ ಮುಂಚೆಯೇ ಹಾಕಬೇಕು. ಈ ಮಾವ ಒಮ್ಮೆಯೂ ಹಾಕಿರಲಿಲ್ಲ.

ಸಂಗಮೇಶನ ಒಪ್ಪಿಗೆ ಪಡೆದು ಮಾವನೊಂದಿಗೆ ನಾನೇ ಫೋನಿನಲ್ಲಿ ಮಾತಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದನೋ ಏನೋ, ಮೊದಲು ಬಸ್ಸು, ಮಳೆ ಎಂದು ನೆಪ ಹೇಳಿದ. ಆಮೇಲೆ ನಿಜ ಬಂತು. ‘ಬರಂಗಿಲ್ಲ ಅಂದ್ರ ಅಳ್ತಾನ್ರಿ. ಅಂವ ಅಳೋದು ಕೇಳಾಕ ನನ್ನ ಕೈಲಿ ಆಗಂಗಿಲ್ಲ. ಬರ್ತೀನಿ ಅಂದ್ಬಿಡ್ತೀನಿ.’ ಗಂಡ ಹೆಂಡತಿ ಇಬ್ಬರೂ ಗ್ಯಾಂಗಿನ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡು ಕಬ್ಬು ಕಡಿಯಲು ಹೋಗುವವರು. ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡುವುದು ಹೆಚ್ಚುಕಡಿಮೆ ದೀಪಾವಳಿಯ ಆಸುಪಾಸಿನಲ್ಲೇ. ದಸರೆಯಲ್ಲಿ ಹೊರಡುವ ತಯಾರಿ, ದೀಪಾವಳಿಗೆ ಮನೆಗೆ ಬೀಗ, ಆಯಿ ದೊಡ್ಡ ಮಗಳ ಊರಿಗೆ. ಹಂಗಾಮು ಮುಗಿಸಿ ಮರಳುವುದು ಬೇಸಿಗೆ ಹತ್ತಿರವಾದಾಗ. ಎಲ್ಲರ ಮನೆಯ ಹಬ್ಬದ ಕಾಲ ಈ ಮನೆಯಲ್ಲಿ ಯಾರೂ ಇಲ್ಲದ ಕಾಲ. ಇದನ್ನು ನಾಲ್ಕು ವರ್ಷದಲ್ಲಿ ಯಾರೂ ಹುಡುಗನಿಗೆ ಬಿಡಿಸಿ ಹೇಳಿರಲಿಲ್ಲ. ಮಾವನಿಗೆ ತಾನು ಬೇಡ ಎಂದೇ ಅವನು ಲೆಕ್ಕ ಹಾಕಿಕೊಂಡಿದ್ದ.

ಮಾವನಿಗೆ ಹೇಳಿದ್ದು ನೇರವಾಗಿ. ಬರಲು ಆಗದಿದ್ದರೆ ಆಗುವುದಿಲ್ಲ ಅನ್ನಿ, ಕಾರಣವನ್ನೂ ಹೇಳಿ. ಅವನು ಅತ್ತರೆ ಅಳಲಿ, ಪಕ್ಕದಲ್ಲಿ ನಾವಿರುತ್ತೇವೆ. ಅಳು ನಿಲ್ಲಿಸುವುದಕ್ಕಾಗಿ ಮಾತು ಕೊಡಬೇಡಿ. ಕಬ್ಬಿನ ಗದ್ದೆಯಿಂದಲೇ ಆದರೂ ಭಾನುವಾರ ಸಂಜೆ ಒಂದೇ ಹೊತ್ತಿಗೆ ಫೋನು ಮಾಡಿ, ಎರಡು ನಿಮಿಷವಾದರೂ ಸಾಕು. ಬೇಸಿಗೆ ಸೂಟಿಗೆ ಕರೆದೊಯ್ಯುವುದು ಖಂಡಿತವಾದರೆ ಮಾತ್ರ ಬಾಯಿ ಬಿಡಿ. ಮರುದಿನವೇ ಅವನು ಹುಡುಗನಿಗೆ ಎಲ್ಲ ಹೇಳಿದ. ಸಂಗಮೇಶ ಫೋನಿಟ್ಟು ಹೊರಗೆ ಹೋಗಿ ಕಾಂಪೌಂಡ್ ಗೋಡೆಗೆ ಒದ್ದ, ಅತ್ತ, ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಬ್ಯಾಗು ಬಿಚ್ಚಿ ಬಟ್ಟೆಯನ್ನು ಕಪಾಟಿಗೆ ಇಟ್ಟ. ನಾನು ಕಂಡಂತೆ ಮಕ್ಕಳು ‘ಇಲ್ಲ’ ಎಂಬುದನ್ನು ತಡೆದುಕೊಳ್ಳುತ್ತಾರೆ. ಅವರನ್ನು ಹಣ್ಣು ಮಾಡುವುದು ಕಾಯಿಸುವಿಕೆ.

ಹೊಡೆದದ್ದಕ್ಕೆ ವಿನಾಯಿತಿ ಇರಲಿಲ್ಲ. ಪೆಟ್ಟು ತಿಂದವನ ಗಾಯದ ಪಟ್ಟಿ ಬದಲಿಸಲು ಕಾಕಾ ಕರೆದೊಯ್ದಾಗಲೆಲ್ಲ ಇವನೂ ಜೊತೆಗೆ ಹೋಗಬೇಕೆಂದು ಗೊತ್ತುಮಾಡಿದೆವು. ಕ್ಷಮೆ ಕೇಳು ಎಂದು ಎಲ್ಲರೆದುರು ನಿಲ್ಲಿಸುವುದು ಬೇಡವೆಂದೆ. ಮೂರನೆಯ ಸಲ ಹೋಗುವಾಗ ದಾರಿಯಲ್ಲಿ ತಾನೇ ಕೇಳಿದನಂತೆ. ಪೆಟ್ಟು ತಿಂದವನೂ ಆ ಸೂಟಿಗೆ ಊರಿಗೆ ಹೋಗದವನೇ ಎಂಬುದು ಕಡತದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸಿಬ್ಬಂದಿಯೊಂದಿಗೆ ನಡೆದ ಮಾತು ಹೆಚ್ಚು ಉದ್ದವಾಯಿತು. ಬೋರ್ಡಿನ ಪಟ್ಟಿ ತೆಗೆಯಿರಿ. ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದನ್ನು ಸೂಟಿಗೆ ಹತ್ತು ದಿನ ಮೊದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿ ಎಂದೆ. ಆ ಹೊತ್ತಿಗೆ ನಿರ್ಧಾರವಾಗಬೇಕಾದರೆ ಅರ್ಜಿಗಳು ಒಂದು ತಿಂಗಳು ಮುಂಚೆ ಸಮಿತಿಗೆ ಮುಟ್ಟಬೇಕು. ಇದು ಕೇಸ್ ವರ್ಕರ್‌ಗೆ ಕೆಲಸ ಹೆಚ್ಚಿಸುತ್ತದೆ, ನಿಜ. ‘ಇದೇ ನಿನ್ನ ಮನೆ, ನಾವೇ ನಿನಗ ಅಪ್ಪ ಅವ್ವ’ ಅನ್ನುವುದನ್ನು ಹಬ್ಬದ ದಿನವಾದರೂ ಬಿಡಿ ಎಂದಾಗ ಸೂಪರಿಂಟೆಂಡೆಂಟರಿಗೆ ಸ್ವಲ್ಪ ಬೇಸರವಾಯಿತು. ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಆಯಿಯನ್ನು ನೆನೆದು ಅಳುವ ಹುಡುಗನಿಗೆ ಅದು ಅಳಬೇಡ ಎಂದಷ್ಟೇ ಕೇಳಿಸುತ್ತದೆ.

ಇನ್ನು ಅಡುಗೆಯವರಿಗೂ ಕಾಕಾಗೂ ಮನೆ ಮಕ್ಕಳಿದ್ದಾರೆ, ಹಬ್ಬಕ್ಕೆ ಅವರಿಗೂ ರಜೆ ಬೇಕು. ನಿಯಮದಲ್ಲಿ ಹಬ್ಬಕ್ಕೆ ವಿಶೇಷ ಊಟ ಎಂದಿದೆ, ಆದರೆ ಅಡುಗೆಯವರಿಲ್ಲದೆ ಹಬ್ಬದ ದಿನವೇ ಉಪ್ಪಿಟ್ಟು ತಿಂದ ಗೃಹಗಳನ್ನು ನಾನು ಕಂಡಿದ್ದೇನೆ. ಸರದಿಯ ಮೇಲೆ ರಜೆ ಹಂಚಿ, ದಸರೆಗೆ ಹೋದವರು ದೀಪಾವಳಿಗೆ ಉಳಿಯುವುದು ಎಂದಾಯಿತು. ಉಳಿದ ಹುಡುಗರನ್ನೇ ಕೂರಿಸಿ ಏನು ಮಾಡೋಣ ಎಂದು ಕೇಳಿದರು. ನರಕ ಚತುರ್ದಶಿಗೆ ಎಣ್ಣೆ ಸ್ನಾನ ಬೇಕೇ ಬೇಕು ಅಂದರು. ಪಾಡ್ಯದ ದಿನ ಹೊಸ್ತಿಲಿಗೆ ಇಡುವ ಸಗಣಿಯ ಪಾಂಡವರನ್ನು ಮಾಡಲು ಸಂಗಮೇಶನಿಗೆ ಬರುತ್ತಿತ್ತು. ಉತ್ತರಾಣಿ ಕಡ್ಡಿ ಎಲ್ಲಿ ಚುಚ್ಚಬೇಕು, ಚೆಂಡು ಹೂವು ಎಲ್ಲಿಡಬೇಕು ಎಂದು ಸಣ್ಣವರಿಗೆ ಗದರಿಸಿ ಗದರಿಸಿ ಕಲಿಸಿದನಂತೆ. ಆಯಿಯಿಂದ ಕಲಿತದ್ದು.

ದಾನಿಗಳ ವಿಷಯಕ್ಕೆ ನನಗೆ ಸ್ವಲ್ಪ ಸಿಟ್ಟೇ ಇದೆ. ದೀಪಾವಳಿಯ ವಾರ ಸೋನ್ ಪಾಪ್ಡಿ ಡಬ್ಬಿಗಳು ಅಟ್ಟದವರೆಗೆ ಏರುತ್ತವೆ, ಒಂದೇ ಮಧ್ಯಾಹ್ನ ಮೂರು ಮನೆಯವರು ಊಟ ತರುತ್ತಾರೆ. ಜೂನಿನಲ್ಲಿ ನೋಟ್‌ಬುಕ್ಕಿಗೆ, ಚಪ್ಪಲಿಗೆ ಪರದಾಟ. ಬಂದವರು ಸಾಲಾಗಿ ನಿಲ್ಲಿಸಿ ಫೋಟೊ ಹಿಡಿಯುತ್ತಾರೆ, ‘ಅಪ್ಪ ಅಮ್ಮ ಏನಾದ್ರು?’ ಎಂದು ಕೇಳುತ್ತಾರೆ. ಈ ಮಕ್ಕಳ ಗುರುತು ಬಹಿರಂಗವಾಗಬಾರದೆಂದು ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಉಲ್ಲಂಘಿಸಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಆ ಸಲ ಗೇಟಿನಲ್ಲೇ ಮೊಬೈಲು ತೆಗೆದಿಡಿಸಿದರು. ಒಂದು ಕುಟುಂಬ ಮುನಿಸಿಕೊಂಡು ಸಿಹಿ ಕೊಟ್ಟು ಹೊರಟುಹೋಯಿತು. ಇನ್ನೊಂದು ಕುಟುಂಬ ಸಂಜೆಯವರೆಗೂ ಕೇರಂ ಆಡಿಕೊಂಡು ಕುಳಿತಿತ್ತು.

ಶಾಲೆಯ ಗುರುಗಳಿಗೆ ಒಂದೇ ವಿನಂತಿ ಮಾಡಿದೆ: ರಜೆಯ ಪ್ರಬಂಧದ ಜೊತೆಗೆ ‘ನನಗೆ ನೆನಪಿರುವ ಒಂದು ಹಬ್ಬ’ ಎಂಬ ಆಯ್ಕೆಯನ್ನೂ ಕೊಡಿ. ತಕ್ಷಣ ಒಪ್ಪಿದರು.

ಎಲ್ಲವೂ ಸರಿಹೋಗಲಿಲ್ಲ. ಊರಿಂದ ಉಂಡಿ, ಚಕ್ಕುಲಿ ಹೊತ್ತು ಮರಳಿದ ಹುಡುಗರು ಮನೆಯ ಕಥೆ ಹೇಳುವಾಗ ಸಂಗಮೇಶ ಎದ್ದು ಹೋಗುತ್ತಾನೆ. ಭಾನುವಾರದ ಫೋನು ಎರಡು ವಾರ ತಪ್ಪಿತು. ಸಿಗ್ನಲ್ ಇಲ್ಲದ ಕಡೆ ಗ್ಯಾಂಗು ಬಿಡಾರ ಹೂಡಿತ್ತಂತೆ. ಆಗ ಒಂದು ಸಣ್ಣ ಜಗಳವಾಯಿತು, ಕಂಪಾಸು ಪೆಟ್ಟಿಗೆ ಮಾತ್ರ ಕೈಗೆ ಬರಲಿಲ್ಲ.

ಬೇಸಿಗೆಗಾಗಿ ಫೆಬ್ರುವರಿಯಲ್ಲೇ ಅರ್ಜಿ ಹಾಕಿಸಿದೆವು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆ ನೋಡಿ ವರದಿ ಕೊಟ್ಟರು, ಸಮಿತಿ ಏಳು ದಿನಕ್ಕೆ ಒಪ್ಪಿತು. ಮಾವ ಹೇಳಿದ ದಿನಕ್ಕಿಂತ ಒಂದು ದಿನ ತಡವಾಗಿ ಬಂದ, ತಡವಾಗುತ್ತದೆಂದು ಹಿಂದಿನ ರಾತ್ರಿಯೇ ಫೋನು ಮಾಡಿ ತಿಳಿಸಿದ್ದ. ಹುಡುಗನನ್ನು ಊರಿನಲ್ಲೇ ಕಾಯಂ ಆಗಿ ಇರಿಸಬಹುದೇ ಎಂಬ ಪ್ರಶ್ನೆಯನ್ನು ಆಯಿ ಎತ್ತಿದ್ದಾಳೆ. ಮಕ್ಕಳ ರಕ್ಷಣೆಗಿರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಕುಟುಂಬಕ್ಕೆ ಮಗುವಿನ ಹೆಸರಿನಲ್ಲಿ ತಿಂಗಳಿಗೆ ₹4,000 ಸಿಗುತ್ತದೆ. ಅದು ಸಿಕ್ಕರೂ ಕಬ್ಬಿನ ಹಂಗಾಮಿನ ಆ ನಾಲ್ಕೈದು ತಿಂಗಳು ಅವನನ್ನು ಯಾರು ನೋಡಿಕೊಳ್ಳುವುದು ಎಂಬುದು ಬಗೆಹರಿಯಬೇಕು. ಮುಂದಿನ ದಸರೆಗೆ ಮೊದಲು ಸಮಿತಿಯ ಮುಂದೆ ಈ ವಿಷಯ ಬರಲಿದೆ, ಸಂಗಮೇಶನಿಗೆ ಆ ದಿನಾಂಕ ತಿಳಿಸಿದ್ದೇವೆ.